ದೂರದಿಂದ ಬಂದವನಿಗೆ ನೀರು

ಯತ್ತಪ್ಪಣ್ಣ,

ಎಲ್ಲಿಗೆ ಕಳಿಸಬೇಕೆಂದು ಗೊತ್ತಿಲ್ಲದೆಯೂ ಬರೆಯುತ್ತಿದ್ದೇನೆ. ಇವತ್ತು ನಮ್ಮ ದೇಶದವನೊಬ್ಬ ಅಂತರಿಕ್ಷದಿಂದ ಸಮುದ್ರಕ್ಕೆ ಇಳಿದ. ಸರಿಯಾಗಿ ನಿಲ್ಲಲಾಗದ ಅವನನ್ನು ಹಿಡಿದುಕೊಂಡು ಹೊರಗೆ ಕರೆತಂದದ್ದನ್ನು ಅವ್ವನೂ ನಾನೂ ಟೀವಿಯಲ್ಲಿ ನೋಡಿದೆವು.

ನೀನು ಹೇಳುತ್ತಿದ್ದ ಕಥೆ ನೆನಪಾಯಿತು. ಮೊಟ್ಟಮೊದಲು ಅಂತರಿಕ್ಷಕ್ಕೆ ಹೋದ ರಷ್ಯಾದವನು ಹೊಲವೊಂದರಲ್ಲಿ ಇಳಿದಾಗ, ಆಲೂಗಡ್ಡೆ ನೆಡುತ್ತಿದ್ದ ಅಜ್ಜಿ ಮೊಮ್ಮಗಳು ಹೆದರಿಬಿಟ್ಟರಂತೆ. ಅವ್ವ ಪ್ರತಿ ಸಲ ಕೇಳುತ್ತಿದ್ದುದು ಒಂದೇ: "ದೂರದಿಂದ ಬಂದವ್ನಿಗೆ ನೀರು ಕೊಟ್ಲೇನಪ್ಪ?"

"ಕೊಟ್ಲು ಕಣವ್ವ," ಎಂದು ನೀನು ನಗುತ್ತಿದ್ದೆ.

ಹಾಗೆ ಹೊಲಕ್ಕೆ ಇಳಿದವನು ಮೊದಲು ಕೇಳಿದ್ದು ಫೋನ್ ಎಲ್ಲೈತೆ ಅಂತ. ಅದನ್ನೂ ನೀನೇ ಹೇಳಿದ್ದೆ. ಕಥೆ ಹೇಳುವುದಕ್ಕೆ ಮಾತ್ರ ಬರುತ್ತಿತ್ತು ನಿನಗೆ, ಫೋನ್ ಮಾಡುವುದಕ್ಕಲ್ಲ.

ನಮ್ಮ ಕುರಿಗಳು ಮೇಯುತ್ತಿದ್ದ ವರವು ಕಾವಲಿನ ಹುಲ್ಲುಗಾವಲಿಗೆ ಸರ್ಕಾರದ ಬೇಲಿ ಬಿದ್ದ ವರ್ಷ, ಕುರಿಗಳನ್ನೆಲ್ಲ ಮಾರಿ ನೀನು ಹೊರಟಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಎಲ್ಲಿಗೆಂದು ಕೇಳಲಿಲ್ಲ.

ಟೀವಿ ಆರಿಸುವಾಗ ಅವ್ವ ಅಂದಳು: "ಅಷ್ಟು ಮ್ಯಾಲಿಂದ್ಲೂ ಬರ್ತಾರಲ್ಲೇ ಚಿತ್ರಾ."

ಅವಳು ಎದ್ದು ಹೋಗಿ, ಬಾಗಿಲ ಬಳಿಯ ಚೊಂಬಿನಲ್ಲಿದ್ದ ನಿನ್ನೆಯ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿ, ಮತ್ತೆ ತುಂಬಿಸಿ ತಂದು ಅಲ್ಲೇ ಇಟ್ಟಳು.