ಬೀಜ ಉದುರುವ ಮೊದಲು

ಭಾನುವಾರ, ಸಂಜೆ

ಪ್ರೀತಿಯ ಇವಳೇ,

ನೀನು ಮುನಿಸಿಕೊಂಡು ತಂಗಿಯ ಮನೆಗೆ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಒಳ್ಳೆಯ ಸುದ್ದಿಯಿಂದ ಶುರು ಮಾಡಬೇಕೆಂದಿದ್ದೆ, ನನ್ನ ಹಣೆಬರಹ.

ನಮ್ಮ ವಠಾರದ ಹಿಂದೆ ನೀನು ಎಲ್ಲರನ್ನೂ ಸೇರಿಸಿಕೊಂಡು ಬೆಳೆಸಿದ ಕಾಡುಹೂವಿನ ಬಯಲನ್ನು ನಿನ್ನೆ ನೆಲಮಟ್ಟಕ್ಕೆ ಸವರಿಬಿಟ್ಟರು. ಹೊರಗಿನವರಲ್ಲ ಕಣೇ, ನಮ್ಮವರೇ. ಬೀಜ ಕಟ್ಟುವ ಹೊತ್ತಿಗೆ ಬರುತ್ತೇನೆ, ಆಮೇಲೆ ಇರುವುದೋ ಬಿಡುವುದೋ ನೋಡೋಣ ಎಂದು ನರ್ಸಮ್ಮನಿಗೆ ಫೋನಿನಲ್ಲಿ ಹೇಳಿದ್ದೆಯಂತೆ. ಅದು ವಠಾರಕ್ಕೆಲ್ಲ ಹಬ್ಬಿತು. ಗೋಡೆಗೆ ಬಣ್ಣ ಬಳಿದರು, ಮೆಟ್ಟಿಲು ತೊಳೆದರು. ವರ್ಷಕ್ಕೊಮ್ಮೆ ಬಯಲು ಸವರಬೇಕು ಎಂದು ನೀನೇ ಕಲಿಸಿದ್ದೆಯಲ್ಲ, ಆ ಕೆಲಸವೂ ನಿನಗೆ ಉಳಿಯದಿರಲಿ ಎಂದು ಹುಲ್ಲು ಕತ್ತರಿಸುವ ಯಂತ್ರ ತಂದರು. ಬೀಜ ಉದುರಿದ ಮೇಲೆಯೇ ಎಂಬ ಮಾತು ಮಾತ್ರ ಒಬ್ಬರಿಗೂ ನೆನಪಾಗಲಿಲ್ಲ.

ನಾನು ಹೊಲಿಗೆ ಬಿಟ್ಟು ಓಡಿ ಹೋಗುವಷ್ಟರಲ್ಲಿ ಅರ್ಧ ಮುಗಿದಿತ್ತು. ರಾತ್ರಿಪಾಳಿ ಮುಗಿಸಿ ಬಂದ ನರ್ಸಮ್ಮ ಮಲಗದೆ ಕಡ್ಡಿ ಗುಡಿಸುತ್ತಿದ್ದಳು. ನೀರಿನ ಜಗಳದಲ್ಲಿ ಮಾತು ಬಿಟ್ಟಿದ್ದ ಮೇಷ್ಟ್ರು ಮತ್ತು ಡ್ರೈವರ್ ಮತ್ತೆ ಮಾತಾಡಿದ್ದು ಆ ಹೂಗಳ ನಡುವೆಯೇ ತಾನೇ? ಅವರಿಬ್ಬರೇ ಸೇರಿ ಯಂತ್ರ ತಳ್ಳುತ್ತಿದ್ದರು. ಅಕ್ಕ ಬಂದ್ರೆ ಖುಷಿಯಾಗ್ಬೇಕು ನೋಡಿ ಅಂತ ಡ್ರೈವರ್ ಬೆವರು ಒರೆಸಿಕೊಂಡ. ಆ ಮಾತು ನನಗೆ ಬಿಸಿ ತುಪ್ಪದ ಹಾಗೆ, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಕತ್ತರಿಸಿದ್ದನ್ನು ತುಂಬಿದ ಮೂಟೆಗಳನ್ನು ಬಿಚ್ಚಿ ನೋಡಿದೆ. ಎಲ್ಲ ಎಳೆಗಾಯಿ, ಒಂದೂ ಬಲಿತಿಲ್ಲ; ಬರುವ ವರ್ಷಕ್ಕೆ ಮೊಳೆಯಲು ಬೀಜವೇ ಇಲ್ಲ. ಇವತ್ತು ಜೇನ್ನೊಣಗಳು ಬಂದು ಬರಿ ನೆಲದ ಮೇಲೆ ಸುತ್ತಿದವು. ಎರಡು ನನ್ನ ಅಂಗಡಿಗೇ ನುಗ್ಗಿ ಹೂವಿನ ಅಚ್ಚಿದ್ದ ಪರದೆ ಬಟ್ಟೆಯ ಮೇಲೆ ಕೂತು, ಎದ್ದು ಹೋದವು. ನನಗೆ ಅಳು ಬಂತು.

ಮೊದಲು ಆ ಹೂಗಳನ್ನು ಕಳೆ ಎಂದು ಆಡಿಕೊಂಡವನು ನಾನೇ. ಆದರೆ ನೀನು ಹೋದ ಮೇಲೆ ದಿನಾ ಸಂಜೆ ಅಲ್ಲೇ ಕೂರುತ್ತಿದ್ದೆ. ಚಿಟ್ಟೆಗಳಿಗಾದರೂ ನನ್ನ ಮೇಲೆ ಕೋಪವಿರಲಿಲ್ಲ. ಪಕ್ಕದಲ್ಲಿ ಯಾರಾದರೂ ಬಂದು ಕೂತು ಊಟವಾಯಿತೇ ಎಂದು ಕೇಳುತ್ತಿದ್ದರು. ಈಗ ಅಲ್ಲಿ ಕೂರಲು ಮನಸ್ಸಾಗುತ್ತಿಲ್ಲ.

ಹರಿದದ್ದನ್ನು ಹೊಲಿಯುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ಇದು ಹೊಲಿಗೆಗೆ ದಕ್ಕುವಂಥದ್ದಲ್ಲ. ನೀನು ಇನ್ನು ಯಾವ ನೆಪಕ್ಕೆ ಬರುತ್ತೀ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ.

ಇಂತಿ, ಇನ್ನೂ ನಿನ್ನವನೇ ಅಂದುಕೊಂಡಿರುವ
ದರ್ಜಿ

ತಾ.ಕ.: ಓಡಿ ಹೋದೆ ಎಂದದ್ದು ಸುಳ್ಳು. ಶುಕ್ರವಾರವೇ ವಠಾರದವರೆಲ್ಲ ಅಂಗಡಿಗೆ ಬಂದು, ಬಯಲು ಸವರಿದ್ರೆ ಅಕ್ಕನಿಗೆ ಇಷ್ಟ ಆಗತ್ತಲ್ವಾ ಅಂತ ನನ್ನನ್ನು ಕೇಳಿದ್ದರು. ಈ ಬೀದಿಯಲ್ಲಿ ಎಲ್ಲರ ಅಳತೆಯೂ ನನಗೆ ಬಾಯಿಪಾಠ. ಹೆಂಡತಿಗೆ ಏನು ಇಷ್ಟವೋ ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಆಗದೆ ಏನು, ಮಾಡಿ ಎಂದೆ.