ಪರೀಕ್ಷೆಗೂ ಸೂತಕವಂತೆ

ಅಪ್ಪಾಜಿ,

ಇವತ್ತು ನಮ್ಮ ಜಗುಲಿಯಲ್ಲಿ ನನ್ನ ಪಂಚಾಯಿತಿ ನಡೆಯಿತು. ಮೈಸೂರಿನ ನರ್ಸ್ ತರಬೇತಿ ಮುಗಿಯಿತಲ್ಲ, ಸರ್ಕಾರಿ ಪರೀಕ್ಷೆಗೆ ಈ ಬೇಸಿಗೆಯಲ್ಲೇ ಕೂರುತ್ತೇನೆ ಅಂದೆ.

ಚಿಕ್ಕಪ್ಪ, "ನಿಮ್ಮಪ್ಪ ಓಗಿ ವರ್ಸ ತುಂಬಿಲ್ಲ ಕಣವ್ವ. ಪರೀಕ್ಸೆ ಮುಂದ್ಲ ಸಲ ಬರೀವಂತೆ. ವರ್ಸದೊಳಗೆ ನಿನ್ ಮದ್ವೆ ಮಾಡ್ಬುಡಾನ, ಸರಗೂರಿನೋರು ಒಪ್ಪವ್ರೆ" ಅಂದರು.

ಮದುವೆಗೆ ಅಡ್ಡ ಬಾರದ ಸಾವು ಪರೀಕ್ಷೆಗೆ ಮಾತ್ರ ಅಡ್ಡ ಬರುತ್ತದೆಯೇ? ಲಿಂಗ ಕಟ್ಟಿದವರಿಗೆ ಎಲ್ಲಿಯ ಸೂತಕ ಎಂದು ಊರಿಗೆಲ್ಲ ಹೇಳುತ್ತಿದ್ದವರು ನೀವು! ಆಗ ತಲೆದೂಗುತ್ತಿದ್ದವರು ಇದೇ ಚಿಕ್ಕಪ್ಪ.

ನೀವು ಆ ಕೊನೆಯ ಜ್ವರದಲ್ಲಿ ಮಲಗಿದ್ದಾಗಲೂ "ಬರ್ಬ್ಯಾಡ ಮಗ, ಓದ್ಕೊ" ಎಂದು ಹೇಳಿಕಳಿಸಿದಿರಿ. ನಾನು ಬರಲಿಲ್ಲ. ಈಗ ಪರೀಕ್ಷೆಯನ್ನೂ ಬರೆಯದಿದ್ದರೆ, ಅವತ್ತು ಮೈಸೂರಿನಲ್ಲೇ ಉಳಿದದ್ದು ಯಾತಕ್ಕೆ, ಅಪ್ಪಾಜಿ?

ನಿಮ್ಮ
ನೀಲಾಂಬಿಕೆ