ನಡುವೆ ನಿಲ್ಲದ ಹಾಡು

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಚಿನಕುರುಳಿಗೆ,

ಹೇಗಿದ್ದೀಯೆ ಮಗಳೇ? ಬೆನ್ನುನೋವು ಕಡಿಮೆಯಾಯಿತೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಆ ರಕ್ತಪರೀಕ್ಷೆಯ ಕೋಣೆಯಲ್ಲಿ ನಿಂತುಕೊಂಡೇ ಎರಡು ಬಿಸ್ಕತ್ತು ನುಂಗಿ ಊಟವಾಯಿತು ಎನ್ನುತ್ತೀಯೋ? ಊರಿನವರ ರಕ್ತವನ್ನೆಲ್ಲ ಪರೀಕ್ಷೆ ಮಾಡುವವಳು ನಿನ್ನ ರಕ್ತವನ್ನೂ ಒಮ್ಮೆ ನೋಡಿಕೋ. ನಾನು ಚೆನ್ನಾಗಿದ್ದೇನೆ. ನನಗೂ ನನ್ನ ಹೊಲಿಗೆ ಯಂತ್ರಕ್ಕೂ ಒಂದೇ ಕಾಯಿಲೆ, ಎಣ್ಣೆ ಬಿದ್ದಷ್ಟು ದಿನ ಓಡುತ್ತೇವೆ. ಫೋನ್ ಇರುವಾಗ ಅಮ್ಮನಿಗೆ ಕಾಗದ ಬರೆಯುವ ಹುಚ್ಚೇಕೆ ಎಂದು ನಗಬೇಡ. ಫೋನ್ ಈಗ ನನ್ನದಾಗಿ ಉಳಿದಿಲ್ಲ, ಬೆಳಗಿನಿಂದ ನಿನ್ನ ಅಪ್ಪನ ತೊಡೆಯ ಮೇಲೆ ಕೂತಿರುತ್ತದೆ. ಭಾನುವಾರ ನೀನು ಮಾತಾಡುವಾಗ ಅವರು ಎದುರಿಗೇ ಕುರ್ಚಿ ಹಾಕಿಕೊಂಡು ನನ್ನ ಮುಖವನ್ನೇ ನೋಡುತ್ತಿರುತ್ತಾರೆ. ಅವರ ಮುಂದೆ ಅವರದೇ ಸುದ್ದಿ ಹೇಗೆ ಹೇಳಲಿ? ಈಗ ಸ್ನಾನಕ್ಕೆ ಹೋಗಿದ್ದಾರೆ, ಬರೆಯುತ್ತಿದ್ದೇನೆ.

ಅಂಗಡಿಯ ಬೀಗದ ಕೈ ಮಾಲೀಕರಿಗೆ ಕೊಟ್ಟಾಯಿತು. ಕ್ಯಾಸೆಟ್ಟು, ಸಿ.ಡಿ.ಗಳಿದ್ದ ಕಪಾಟುಗಳಲ್ಲಿ ಈಗ ಫೋನಿನ ಕವಚಗಳು ತೂಗುತ್ತಿವೆಯಂತೆ. ಉಳಿದ ಸರಕನ್ನು ಅಪ್ಪ ಗುಜರಿಯವನಿಗೆ ಹಾಕಿದರು. ಹಾಕುವ ಮೊದಲು ಒಂದೊಂದನ್ನೂ ಬಟ್ಟೆಯಿಂದ ಒರೆಸಿದರು. ಗುಜರಿಗೆ ಹೋಗುವುದನ್ನು ಯಾರಾದರೂ ಒರೆಸುತ್ತಾರಾ ಎಂದು ರೇಗಿದೆ, ಆಮೇಲೆ ನಾನೇ ಒಂದು ಬಟ್ಟೆ ತಗೊಂಡು ಪಕ್ಕದಲ್ಲಿ ಕೂತೆ. ನಿನಗೆ ಜ್ಞಾಪಕವಿದೆಯಲ್ಲ, ಗಿರಾಕಿಗಳು ತಮಗೆ ಬೇಕಾದ ಹಾಡುಗಳ ಹೆಸರು ಹೇಳಿ ಹೋದರೆ ಇವರು ರಾತ್ರಿ ಕೂತು ಕ್ಯಾಸೆಟ್ಟು ತುಂಬಿಸಿಕೊಡುತ್ತಿದ್ದರು. ಹಾಡು ಗಿರಾಕಿಯದು, ಯಾವುದರ ಹಿಂದೆ ಯಾವುದು ಎಂಬ ಸಾಲು ಮಾತ್ರ ಇವರದು. ಅಳುವ ಹಾಡು ಎರಡು ಒಟ್ಟಿಗೆ ಬರಕೂಡದು. 'ಎರಡು ಒಟ್ಟಿಗೆ ಹಾಕಿದ್ರೆ ಮನುಷ್ಯ ಮತ್ತೆ ಏಳಲ್ಲ' ಎನ್ನುತ್ತಿದ್ದರು. ಒಬ್ಬ ಲಾರಿ ಡ್ರೈವರು ಬರೀ ಅಳುವ ಹಾಡೇ ಬೇಕೆಂದು ಹಠ ಮಾಡಿದಾಗ ನಡುನಡುವೆ ಮದುವೆ ಹಾಡು ಸೇರಿಸಿ ಕೊಟ್ಟಿದ್ದರು. ಅವನು ಬೈಯಲು ಬಂದವನು ಇನ್ನೊಂದು ಕ್ಯಾಸೆಟ್ಟು ತುಂಬಿಸಿಕೊಂಡು ಹೋದ.

ಅಂಥವರಿಗೆ ನೀನು ಗಿರಾಕಿಗಳ ಎದುರಿಗೇ 'ಇನ್ನು ಯಾರೂ ಹಾಡು ಕೊಳ್ಳಲ್ಲಪ್ಪಾ, ತಿಂಗಳ ಬಾಡಿಗೆ ಕಟ್ಟಿ ಫೋನಲ್ಲೇ ಕೇಳ್ತಾರೆ, ಅಂಗಡಿ ಮುಚ್ಚು' ಎಂದೆ. ಮಾತು ನಿಜವೇ ಇತ್ತು, ಅದಕ್ಕೇ ಅವರಿಗೆ ಉರಿಯಿತು. 'ಹಾಗಾದ್ರೆ ನೀನೂ ಬರಬೇಡ' ಎಂದುಬಿಟ್ಟರು. ಅಪ್ಪನಂತೆ ಮಗಳು, ಇಬ್ಬರೂ ಹಿಡಿದ ಮೊಲಕ್ಕೆ ಮೂರೇ ಕಾಲು. ಆವತ್ತಿನಿಂದ ನೀನು ಈ ಮನೆಯ ಹೊಸಿಲು ತುಳಿದಿಲ್ಲ. ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಕೆ ನಾನು.

ಈಗ ಹೇಳಬೇಕಾದ ವಿಷಯ ಹೇಳುತ್ತೇನೆ. ಹೋಗುವ ಮೊದಲು ನೀನು ನನ್ನ ಫೋನಿಗೆ ಹಾಡಿನ ಆ್ಯಪ್ ಹಾಕಿಕೊಟ್ಟಿದ್ದೆಯಲ್ಲ, ನಿನ್ನದೇ ಖಾತೆಯಲ್ಲಿ? ಮೊದಮೊದಲು ಅಪ್ಪ 'ಹಾಡನ್ನ ನಲ್ಲಿ ನೀರಿನ ಥರ ಬಿಡ್ತಾರಲ್ಲೇ' ಎಂದು ಮೂಗು ಮುರಿದರು. ಅಂಗಡಿ ಮುಚ್ಚಿದ ಮೇಲೆ ನಾನು ಹೊಲಿಯುವಾಗ ಮೆಲ್ಲಗೆ ಫೋನ್ ಎತ್ತಿಕೊಳ್ಳತೊಡಗಿದರು. ಒಂದು ಅಳುವ ಹಾಡು ಕೇಳಿದರೆ ಅದು ಹಿಂದೆಯೇ ಹತ್ತು ಅಳುವ ಹಾಡು ಬಡಿಸುತ್ತದೆ ಎಂದು ಬೈಯುತ್ತಿದ್ದರು, ಆದರೂ ಕೇಳುತ್ತಿದ್ದರು. ಒಂದು ದಿನ ಹಾಡು ಅರ್ಧಕ್ಕೆ ನಿಂತಿತು. ಇದೇ ಖಾತೆಯಲ್ಲಿ ಬೇರೆ ಕಡೆ ಹಾಡು ನಡೆಯುತ್ತಿದೆ ಎಂದು ಅದರ ಮೇಲೆ ಬಂತು. ಹಾಗೆಂದರೆ ಏನೇ ಎಂದು ಕೇಳಿದರು. ನಿಮ್ಮ ಮಗಳು ಅಲ್ಲಿ ಹಾಡು ಹಾಕಿಕೊಂಡಿದ್ದಾಳೆ, ಒಂದು ಖಾತೆಯಲ್ಲಿ ಒಬ್ಬರೇ ಕೇಳಬಹುದು ಎಂದೆ. ಸಿಟ್ಟು ಬರುತ್ತದೆ ಎಂದುಕೊಂಡರೆ ಫೋನನ್ನು ಮಗುವನ್ನು ಮಲಗಿಸುವ ಹಾಗೆ ಮೇಜಿನ ಮೇಲಿಟ್ಟು 'ಕೇಳ್ಲಿ ಬಿಡು' ಎಂದರು.

ಆಮೇಲೆ ಅದೇ ಅವರ ದಿನಚರಿಯಾಯಿತು. ಬೆಳಿಗ್ಗೆ ಹಾಡು ನಿಂತರೆ 'ಬಸ್ಸು ಹತ್ತಿದ್ಲು'. ಸಂಜೆ ನಿಂತರೆ 'ಕೆಲಸ ಬಿಡ್ತು'. ನಿಲ್ಲುವುದು ತಡವಾದರೆ 'ಇವತ್ತು ಆಸ್ಪತ್ರೇಲಿ ಜನ ಜಾಸ್ತಿ ಇರಬೇಕು' ಎಂದು ಅವರೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ತಾವು ಮತ್ತೆ ಒತ್ತಿದರೆ ನಿನ್ನ ಹಾಡು ನಿಲ್ಲುತ್ತದೆಂದು ಬೆರಳು ಕೂಡ ತಾಗಿಸುತ್ತಿರಲಿಲ್ಲ. ನಿನಗೆ ಫೋನ್ ಮಾಡಿ ಎಂದರೆ ಮಾತ್ರ ಗೋಡೆಯ ಕಡೆ ತಿರುಗುತ್ತಿದ್ದರು.

ಇದೊಂದೂ ನಿನಗೆ ಗೊತ್ತಿರಲಿಲ್ಲ. ಅಮ್ಮನೇ ಕೇಳುತ್ತಿದ್ದಾಳೆ ಎಂದು ನೀನು ಅಂದುಕೊಂಡೆ. 'ನಿನ್ನ ಹಳೇ ಹಾಡು ನೋಡಿ ಆ್ಯಪು ನನ್ನನ್ನೂ ಮುದುಕಿ ಅಂದ್ಕೊಂಡಿದೆ ಅಮ್ಮಾ' ಎಂದು ನಗಾಡಿ, ನನ್ನ ಹುಟ್ಟುಹಬ್ಬಕ್ಕೆ ನನ್ನ ಹೆಸರಿಗೇ ಬೇರೆ ಖಾತೆ ತೆಗೆದುಕೊಟ್ಟೆ. 'ಇನ್ಮೇಲೆ ನಿನ್ನ ಹಾಡು ನಡುವೆ ನಿಲ್ಲಲ್ಲ' ಎಂದೆ. ಎಷ್ಟು ಪ್ರೀತಿಯಿಂದ ಕೊಟ್ಟೆ ಮಗಳೇ! ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಅಪ್ಪನಿಗೆ ಹೇಳಲೂ ಬಾಯಿ ಬರಲಿಲ್ಲ. ಅವರು ಬೆಳಗಿನಿಂದ ಹಾಡು ಹಾಕಿಕೊಂಡು ಕಾಯುತ್ತಾರೆ. ಪಕ್ಕದ ಮನೆಯವರು ಗೋಡೆ ತಟ್ಟಿದರೂ ಸದ್ದು ತಗ್ಗಿಸುವುದಿಲ್ಲ. ಬಸ್ಸಿನ ಹೊತ್ತು ಕಳೆಯುತ್ತದೆ, ಸಂಜೆಯೂ ಕಳೆಯುತ್ತದೆ, ಹಾಡಿನ ಮೇಲೆ ಹಾಡು ಬರುತ್ತಲೇ ಇರುತ್ತದೆ. 'ಅವಳಿಗೆ ಹುಷಾರಿಲ್ವೇನೇ? ಹಾಡು ಕೇಳೋದೇ ಬಿಟ್ಟಳಾ?' ಎಂದು ಮೊನ್ನೆ ಕೇಳಿದರು. ಚೆನ್ನಾಗಿದ್ದಾಳೆ ಎಂದೆ. ನಂಬಲಿಲ್ಲ. ಅವರನ್ನು ನೋಡುತ್ತಾ ಕೂತರೆ ನನ್ನ ಹೊಲಿಗೆ ಅಂಕುಡೊಂಕಾಗುತ್ತದೆ. ನಿನ್ನ ಉಡುಗೊರೆಯನ್ನು ಹಿಂದೆ ತೆಗೆದುಕೋ, ನಮ್ಮನ್ನು ಹಳೆಯ ಖಾತೆಗೇ ಸೇರಿಸು. ಬೇಜಾರು ಮಾಡಿಕೊಳ್ಳಬೇಡ.

ಬಚ್ಚಲ ನೀರಿನ ಸದ್ದು ನಿಂತಿತು, ಬರುತ್ತಾರೆ. ನಿನ್ನ ಕೋಣೆಯ ಗೆಳತಿಗೆ ನನ್ನ ನೆನಪು ಹೇಳು. ಹೊತ್ತಿಗೆ ಉಣ್ಣು, ಚಳಿಗೆ ಕಿವಿ ಮುಚ್ಚಿಕೋ. ನೂರು ಕಾಲ ತಣ್ಣಗಿರು ನನ್ನ ಕಂದಾ.

ನಿನ್ನ
ಅಮ್ಮ

ಮತ್ತೆ: ಇದನ್ನು ಅಂಚೆಗೆ ಹಾಕಲು ಬಂದವಳು ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆಯಲು ಧೈರ್ಯ ಬರಲಿಲ್ಲ. ಹೋದ ವಾರ ಬಟ್ಟೆ ಕೊಡಲು ಬಂದವರ ಮಗು ಮಲಗಿತ್ತೆಂದು ಫೋನಿನ ಸದ್ದು ಪೂರ್ತಿ ತೆಗೆದಿಟ್ಟು ಮರೆತುಬಿಟ್ಟಿದ್ದೆ. ಸಂಜೆ ನೋಡಿದರೆ ಅಪ್ಪ ಅದನ್ನೇ ಹಿಡಿದು ಕೂತಿದ್ದಾರೆ, ಒಳಗೆ ಹಾಡು ಓಡುತ್ತಿದೆ, ಕೋಣೆಯಲ್ಲಿ ಸದ್ದೇ ಇಲ್ಲ. ಭುಜ ಮುಟ್ಟಿದೆ. 'ಇನ್ನೂ ನಿಂತಿಲ್ಲ ಕಣೇ' ಎಂದರು. ಅವರಿಗೆ ಹಾಡು ಕೇಳಿಸುತ್ತಿಲ್ಲ ಮಗಳೇ, ಅದು ನಿಲ್ಲುತ್ತದೆಯೇ ಎಂದು ನೋಡುತ್ತಾ ಕೂತಿರುತ್ತಾರೆ. ಕಿವಿಯ ಡಾಕ್ಟರಿಗೆ ತೋರಿಸಿದೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಹೋಗುತ್ತಿದೆ, ಯಂತ್ರ ಹಾಕಿದರೂ ಹೆಚ್ಚು ದಿನ ನಡೆಯದು ಎಂದರು. ನಿನಗೆ ಹೇಳಕೂಡದೆಂದು ಅಪ್ಪ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ನನ್ನ ಆಣೆ ಸುಟ್ಟುಹೋಗಲಿ. ಖಾತೆಯ ಮಾತು ಬಿಡು. ಫೋನಿನಲ್ಲಿ ನೀನು ಎಷ್ಟು ಕೂಗಿದರೂ ಅವರಿಗೆ ಮುಟ್ಟುವುದಿಲ್ಲ. ರಜೆ ಹಾಕಿ ಬಾ. ಬಲಗಡೆಗೆ ಕೂತು, ಕಿವಿಗೆ ಬಾಯಿ ತಾಗಿಸಿ, ಜೋರಾಗಿ ಒಂದು ಸಲ ಅಪ್ಪಾ ಎನ್ನು. ಅಷ್ಟು ಇನ್ನೂ ಕೇಳಿಸುತ್ತದೆ.